ಹೊಲಿಯಲು ಮನಸ್ಸೇ ಬಾರದಾಗ ಕೌದಿ ಹಿಡಿದೆ: ನನ್ನ ಅನುಭವ

ಕ್ವಿಲ್ಟ್ (ಬಟ್ಟೆ ತುಂಡು ಜೋಡಿಸಿ, ಪದರ ಸೇರಿಸಿ ಹೊಲಿಯುವ ಹೊದಿಕೆ) ಮಾಡುವ ಗೆಳತಿಯರಿಗೆ, ಹೊಲಿಗೆಯ ಬೇಸರ ಕಳೆಯಲು ಹಳೆ ಸೀರೆಯ ಕೌದಿ ಹಿಡಿದೆ ಅಂದಾಗ ನಕ್ಕವರೇ ಜಾಸ್ತಿ. "ಬೇಸರಾಗಿದ್ರ ರೆಸ್ಟ್ ತಗೋರಿ. ಕೌದಿ ಯಾಕ ಹೊಲಿತೀರಿ? ಐನೂರು ರೂಪಾಯಿ ಕೊಟ್ರ ಬಜಾರದಾಗ ಹೊಲಿದು ಕೊಡ್ತಾರಲ್ಲ" ಅಂದರು ಒಬ್ಬರು. ಈಗ ನನ್ನ ಮಂಚದ ಮೇಲೆ ಕೌದಿ ಇದೆ, ಮೆಷಿನ್ ಮೇಲೆ ಕ್ವಿಲ್ಟಿನ ಹೊಸ ಬ್ಲಾಕೂ (ತುಂಡು ಜೋಡಿಸಿದ ಚೌಕ) ಇದೆ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಲೆಕ್ಕ. ಬೇಸರ ಶುರುವಾಗಿದ್ದೇ ಅಲ್ಲಿಂದ. ಹವ್ಯಾಸಕ್ಕೆ ಹೊಲಿಯುತ್ತಿದ್ದವಳಿಗೆ ಒಂದು ಅಂಗಡಿಯಿಂದ ಮಕ್ಕಳ ಕ್ವಿಲ್ಟಿಗೆ ಆರ್ಡರ್ ಬರತೊಡಗಿತು. 36 ಇಂಚು ಅಗಲ, 45 ಇಂಚು ಉದ್ದ. ಬಟ್ಟೆ, ಬ್ಯಾಟಿಂಗ್ (ನಡುವೆ ಹಾಕುವ ಮೆತ್ತನೆಯ ಪದರ), ದಾರ ಎಲ್ಲ ಸೇರಿ ಸುಮಾರು 900 ರೂಪಾಯಿ ಖರ್ಚು. ಅಂಗಡಿಯ ಪಾಲು ಕಳೆದು ಕೈಗೆ ಬರುತ್ತಿದ್ದದ್ದು 1,700ರ ಆಸುಪಾಸು. ಒಂದಕ್ಕೆ ಏನಿಲ್ಲವೆಂದರೂ 20 ಗಂಟೆ ಹಿಡಿಯುತ್ತದೆ. ಗಂಟೆಗೆ 40 ರೂಪಾಯಿ ಬಿತ್ತು! ಕೊನೆಯ ಕಂತು ಇವತ್ತಿಗೂ ಬಂದಿಲ್ಲ, ಆ ಮಾತು ಬಿಡಿ. ದುಡ್ಡಿಗಿಂತ ಹೆಚ್ಚು ಕಾಡಿದ್ದು ಅದೇ ಆನೆಯ ಚಿತ್ರ, ಅದೇ ತಿಳಿ ಗುಲಾಬಿ, ಅದೇ ತಿಳಿ ನೀಲಿ. ಆರ್ಡರ್ ನಿಂತ ಮೇಲೆ ನನಗಾಗಿ ಏನಾದರೂ ಹೊಲಿಯೋಣ ಅಂತ ಕೂತರೆ ಕಪಾಟು ತೆರೆಯುವುದು, ಎರಡು ಬಟ್ಟೆ ಹೊರಗೆ ತೆಗೆಯುವುದು, ಪಕ್ಕಪಕ್ಕ ಇಟ್ಟು ನೋಡುವುದು, ಮತ್ತೆ ಮಡಚಿ ಇಡುವುದು. ಅಷ್ಟರಲ್ಲೇ ಸಂಜೆ ಮುಗಿಯುತ್ತಿತ್ತು.

ಎಲ್ಲರೂ ಹೇಳುವ ಉಪಾಯಗಳನ್ನು ಮಾಡಿ ನೋಡಿದೆ. ಮೆಷಿನ್ ಮುಚ್ಚಿಟ್ಟು ಕೆಲವು ತಿಂಗಳು ಸುಮ್ನೆ ಇದ್ದೆ. ಮುಚ್ಚಿಟ್ಟ ಮೆಷಿನ್ ಕಂಡಾಗಲೆಲ್ಲ ಹೊಟ್ಟೆಯಲ್ಲಿ ಕಸಿವಿಸಿ, ಅಷ್ಟೇ ಲಾಭ. ಆಮೇಲೆ ಹೊಸ ಬಟ್ಟೆ ಬಂದರೆ ಹುರುಪು ಬರುತ್ತದೆ ಅಂದರು. ಹೊರದೇಶದ ಜೆಲ್ಲಿ ರೋಲ್ ತರಿಸಿದೆ, ಎರಡೂವರೆ ಇಂಚು ಅಗಲದ ಬಟ್ಟೆ ಪಟ್ಟಿಗಳ ಸುರುಳಿ. ಹತ್ತಿರ ಹತ್ತಿರ 4,000 ಹೋಯಿತು. ಅದರ ರಿಬ್ಬನ್ ಇನ್ನೂ ಬಿಚ್ಚಿಲ್ಲ. ವಾರಕ್ಕೊಂದು ಬ್ಲಾಕ್ ಕಲಿಸುವ ಆನ್‌ಲೈನ್ ಕ್ಲಾಸಿಗೆ ಇನ್ನೆರಡು ಸಾವಿರ. ಫ್ಲೈಯಿಂಗ್ ಗೀಸ್ ಅನ್ನೋ ತ್ರಿಕೋನಗಳ ಬ್ಲಾಕ್ ಬರುವ ಹೊತ್ತಿಗೆ ಬಿಟ್ಟೆ. ದಿನಕ್ಕೆ 15 ನಿಮಿಷ ಹೊಲಿಯಿರಿ ಅನ್ನೋ ಸಲಹೆಯಂತೂ ಪ್ರತ್ಯೇಕ ಟೇಬಲ್ ಇರುವವರಿಗೆ ಮಾತ್ರ. ನಮ್ಮ ಮನೆಯಲ್ಲಿ ಊಟದ ಟೇಬಲ್ಲೇ ಹೊಲಿಗೆ ಟೇಬಲ್. ಅದನ್ನು ಖಾಲಿ ಮಾಡಿ, ಬಟ್ಟೆ ಕತ್ತರಿಸುವ ಮ್ಯಾಟ್ ಹಾಸಿ, ಮೆಷಿನ್ ಎತ್ತಿಡುವಷ್ಟರಲ್ಲಿ 15 ನಿಮಿಷ ಆಗಿರುತ್ತಿತ್ತು.

ದಾರಿ ತೋರಿಸಿದ್ದು ನಮ್ಮತ್ತೆ. ಮಳೆಗಾಲದಲ್ಲಿ ಟ್ರಂಕ್ ತೆಗೆದು ಹಳೆಯ ನೂಲಿನ ಸೀರೆ ಹೊರಗೆ ಹಾಕಿದರು. "ಈ ಸೀರಿ ಸುಮ್ನ ಬಿದ್ದಾವು. ಒಂದ್ ಕೌದಿ ಹಾಕಬಾರದೇನವಾ?" ಅಂದರು. ಬೇಡ ಅನ್ನಲು ಆಗಲಿಲ್ಲ. ನೆಲದ ಮೇಲೆ ಹಾಸಿ ಕೂತೆ.

ನಮ್ಮ ಕಡೆ ಹೊಲಿಯುವ ಕ್ರಮದಲ್ಲೇ ಶುರು ಮಾಡಬಹುದಿತ್ತು. ಆದರೆ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರ ಕವಂದಿ (ಕೌದಿಗೆ ಅವರ ಹೆಸರು) ನೋಡಿದ್ದು ತಲೆಯಲ್ಲಿತ್ತು. ಅವರು ಒಂದು ಮೂಲೆಯಿಂದ ಹಿಡಿದು ಅಂಚಿನುದ್ದಕ್ಕೂ ತುಂಡು ಇಡುತ್ತಾ, ಸುತ್ತು ಹಾಕುತ್ತಾ ನಡುವಿಗೆ ಬರುತ್ತಾರೆ. ತುಂಡು ಜೋಡಿಸುವುದೂ ಪದರ ಹೊಲಿಯುವುದೂ ಒಟ್ಟಿಗೇ. ಮೇಲಿನ ಪದರ (ಟಾಪ್) ಮಾಡು, ಪದರಗಳನ್ನು ಒಂದರ ಮೇಲೊಂದು ಇಟ್ಟು ಸ್ಯಾಂಡ್‌ವಿಚ್ ಮಾಡು, ಆಮೇಲೆ ಅವನ್ನು ಸೇರಿಸಿ ಹೊಲಿಯುವ ಕ್ವಿಲ್ಟಿಂಗ್, ಆಮೇಲೆ ಅಂಚು ಕಟ್ಟುವ ಬೈಂಡಿಂಗ್ ಅನ್ನೋದೇ ಇಲ್ಲ. ನನಗೆ ಬೇಕಿದ್ದದ್ದೂ ಅದೇ. ಹೊಲಿದು ದಣಿದಿದ್ದರೆ ನಿದ್ದೆ ಮಾಡಿ ಏಳಬಹುದಿತ್ತು. ನನ್ನದು ಆರಿಸಿ ಆರಿಸಿ ಬಂದ ದಣಿವು.

ಹಾಗಾಗಿ ಆರಿಸುವ ಕೆಲಸವನ್ನೇ ತೆಗೆದುಹಾಕಿದೆ. ಮನೆಯ ಚಿಂದಿಯನ್ನೆಲ್ಲ ಒಂದು ಚೀಲಕ್ಕೆ ತುಂಬಿದೆ: ರವಿಕೆಯ ಖಣದ ತುಂಡು, ಅಂಗಿಯ ತೋಳು, ಆನೆ ಕ್ವಿಲ್ಟುಗಳಿಂದ ಉಳಿದ ಚೂರು. ನೋಡದೆ ಕೈ ಹಾಕಬೇಕು. ಬಂದದ್ದು ಹಿಡಿಸದಿದ್ದರೆ ಒಂದು ಸಲ ವಾಪಸ್ ಹಾಕಬಹುದು, ಎರಡನೇ ಸಲ ಬಂದದ್ದನ್ನು ಹೊಲಿಯಲೇಬೇಕು. ಸ್ಕೇಲ್ ಇಲ್ಲ, ರೋಟರಿ ಕಟರ್ ಇಲ್ಲ, ಕತ್ತರಿ ಸಾಕು. ಮುಗಿಯುವವರೆಗೂ ಯಾರಿಗೂ ಫೋಟೋ ಕಳಿಸಬಾರದು. ಚೀಲಕ್ಕೆ ಯಾವ ಯಾವ ಬಣ್ಣ ಹಾಕಲೇಬಾರದು ಅಂತ ಒಂದು ಪಟ್ಟಿ ಇದೆ. ನನ್ನ ಕೌದಿ ಗಜಿಬಿಜಿ ಕಾಣದಿರಲು ಅದೇ ಕಾರಣ. ಅದನ್ನು ಮಾತ್ರ ಕೇಳಬೇಡಿ!

ಇನ್ನೊಂದು ಹೇಳುತ್ತೇನೆ, ಇದು ನಿಜಕ್ಕೂ ಕೆಲಸ ಮಾಡಿತು. ಸಾಲು ಮುಗಿಸಿ ಏಳಬಾರದು. ತುಂಡಿನ ಮಧ್ಯೆ, ಅಂಚನ್ನು ಉಗುರಲ್ಲಿ ಒತ್ತಿ ಒಳಗೆ ಮಡಚಿ, ನಾಲ್ಕು ಹೊಲಿಗೆ ಹಾಕಿ, ಐದನೆಯದಕ್ಕೆ ಸೂಜಿ ಚುಚ್ಚಿ ಹಾಗೇ ಬಿಟ್ಟು ಏಳಬೇಕು. ಮರುದಿನ ಕೂತಾಗ ಯೋಚಿಸುವುದು ಏನೂ ಉಳಿದಿರುವುದಿಲ್ಲ, ಸೂಜಿ ಎಳೆದರಾಯಿತು. ಹತ್ತು ನಿಮಿಷ ಅಂತ ಕೂತು ಎಷ್ಟೋ ಸಲ ಧಾರಾವಾಹಿ ಮುಗಿಯುವವರೆಗೂ ಹೊಲಿದಿದ್ದೇನೆ. ಮೊದಲ ಸುತ್ತಿನಲ್ಲಿ ಹೊಲಿಗೆ ಅಕ್ಕಿಕಾಳಿನಷ್ಟು ಉದ್ದ ಇತ್ತು. ಕೊನೆಯ ಸುತ್ತಿಗೆ ಬರುವಾಗ ಇಂಚಿಗೆ ಆರು ಬೀಳುತ್ತಿತ್ತು, ಅದೂ ನಾಲ್ಕು ಪದರ ಸೀರೆಯ ಮೇಲೆ. ನಮ್ಮ ಗುಂಪಿನಲ್ಲಿ ಕೈಯಲ್ಲಿ ಇಷ್ಟು ಸಣ್ಣಗೆ ಹಾಕುವವರು ಬೇರೆ ಯಾರೂ ಇಲ್ಲ ಅಂತ ನಾನೇ ಹೇಳಿಕೊಳ್ಳುತ್ತೇನೆ.

ಎಲ್ಲ ಸಲೀಸಾಗಿ ನಡೆಯಿತು ಅಂತಲ್ಲ. ಇಳಕಲ್ ಸೀರೆಯೊಂದನ್ನು ಸೆರಗು ಸಮೇತ ಒಳಗೆ ಹಾಕಿದ್ದೆ. ಒಡಲು ನೂಲು, ಸೆರಗು ರೇಷ್ಮೆ. ಒಗೆದಾಗ ನೂಲು ಒಂದು ಥರ ಕುಗ್ಗಿತು, ಸೆರಗು ಇನ್ನೊಂದು ಥರ, ಒಂದು ಕಡೆ ಸುಕ್ಕು ನಿಂತೇ ಬಿಟ್ಟಿತು. ಕೆಂಪು ಖಣ ಬಣ್ಣ ಬಿಟ್ಟು ಪಕ್ಕದ ಬಿಳಿ ತುಂಡೆಲ್ಲ ಗುಲಾಬಿ. ಈಗ ಖಣವನ್ನು ಮೊದಲೇ ಬೇರೆ ನೆನೆಸುತ್ತೇನೆ. ನೀರಿಗೆ ಏನು ಹಾಕುತ್ತೇನೆ ಅನ್ನೋದು ಬೇಕಾದರೆ ಮನೆಗೆ ಬಂದು ನೋಡಿ. ಅಂಚಿನಿಂದ ಒಳಕ್ಕೆ ಬರುವುದರಲ್ಲಿ ಇನ್ನೊಂದು ತಾಪತ್ರಯ ಇದೆ: ನಡುವೆ ಬಟ್ಟೆ ಉಬ್ಬುತ್ತದೆ. ಪ್ರತಿ ಸುತ್ತಿಗೂ ಅಂಗೈಯಿಂದ ಒಳಮುಖವಾಗಿ ಸವರುತ್ತಾ ಬಂದೆ. ಆದರೂ ಉಳಿದ ಉಬ್ಬನ್ನು ಸಣ್ಣ ನಿರಿಗೆ ಮಾಡಿ ಹೊಲಿದು, ಮೇಲೊಂದು ತುಂಡು ಹಾಕಿದೆ. ನಾನು ಹೇಳದಿದ್ದರೆ ಯಾರಿಗೂ ಗೊತ್ತಾಗಲ್ಲ.

ಮಧ್ಯೆ ಬಣ್ಣದ ಹುಚ್ಚೂ ಹಿಡಿಯಿತು. ಶಿರಸಿಯ ನೆಂಟರ ಮನೆಯಿಂದ ಒಂದು ಬಾಟಲಿ ಅಡಿಕೆ ಚೊಗರು (ಅಡಿಕೆ ಬೇಯಿಸಿ ಉಳಿದ ರಸ) ತಂದು ಮಾವನ ಹಳೆಯ ಧೋತರ ಅದ್ದಿದೆ. ಇಟ್ಟಿಗೆಯಂಥ ಚಂದದ ಕೆಂಪು ಬಂತು. ಅರ್ಧ ಹರಿದು, ತುಕ್ಕು ಹಿಡಿದ ಮೊಳೆ ನೆನೆಸಿದ ನೀರಿಗೆ ಹಾಕಿದರೆ ಕಪ್ಪು ಕಂದು. ಚೊಗರಿನ ಒಗರಿಗೆ ಕಬ್ಬಿಣ ಸೇರಿದರೆ ಹಾಗಾಗುತ್ತದೆ. ಬಕೆಟ್ಟಿಗೆ ಹತ್ತಿದ ಕಲೆ ಹೋಗಲಿಲ್ಲ, ಅತ್ತೆ ಹೊಸ ಬಕೆಟ್ ತರಿಸಿದರು, 250 ರೂಪಾಯಿ ದಂಡ. ಕೌದಿಗೂ ಇದಕ್ಕೂ ಸಂಬಂಧ ಕಡಿಮೆ. ಆದರೆ ಏನಾದರೂ ಮಾಡಿ ನೋಡೋಣ ಅನ್ನೋ ಆಸೆ ಎಷ್ಟೋ ದಿನದ ಮೇಲೆ ತಾನಾಗಿ ಬಂದಿತ್ತು.

ಮೊದಲ ಕೌದಿ ಸುಮಾರು ಐದಡಿ ಅಗಲ, ಏಳಡಿ ಉದ್ದ. ನಾಲ್ಕು ತಿಂಗಳ ಮೇಲೆ ಹಿಡಿಯಿತು. ದಾರಕ್ಕೆ 300 ರೂಪಾಯಿ ಹೋಗಿರಬೇಕು, ಮಿಕ್ಕಿದ್ದೆಲ್ಲ ಟ್ರಂಕಿನದು. ನಾಲ್ಕು ಮೂಲೆಗೂ ಮಡಿಸಿದ ಪುಟ್ಟ ತ್ರಿಕೋನ ಹಾಕಿದೆ. ಸಿದ್ದಿ ಹೆಂಗಸರು ಅದನ್ನು ಫುಲಾ ಅನ್ನುತ್ತಾರೆ, ಅದಿಲ್ಲದಿದ್ದರೆ ಕೌದಿ ಬೆತ್ತಲೆ ಅಂತ ಅವರ ಲೆಕ್ಕ. ಅದಾದ ಸ್ವಲ್ಪ ದಿನಕ್ಕೆ ಯಾರೂ ಹೇಳದೇ ಮೆಷಿನ್ ಮುಂದೆ ಕೂತು ಲಾಗ್ ಕ್ಯಾಬಿನ್ (ನಡುವಿನ ಚೌಕದ ಸುತ್ತ ಪಟ್ಟಿ ಜೋಡಿಸುವ ಬ್ಲಾಕ್) ಶುರು ಮಾಡಿದೆ. ಕೌದಿ ಬಿಟ್ಟಿಲ್ಲ, ಎರಡೂ ನಡೆದಿವೆ. ಟೇಬಲ್ ಖಾಲಿ ಇದ್ದ ದಿನ ಮೆಷಿನ್, ಇಲ್ಲದ ದಿನ ನೆಲ.

ಅಂಗಡಿ ಆರ್ಡರ್ ಮಾತ್ರ ಪೂರ್ತಿ ಬಂದ್. ಕೇಳಿಕೊಂಡು ಬಂದವರಿಗೆ ವರ್ಷಕ್ಕೆ ಒಂದೋ ಎರಡೋ ಕೌದಿ, 9,000 ರೂಪಾಯಿ, ಅರ್ಧ ಮುಂಗಡ, ಬಣ್ಣ ಹೇಳುವಂತಿಲ್ಲ. ಬಜಾರದಲ್ಲಿ ಐನೂರಕ್ಕೆ ಸಿಗುತ್ತದೆ ಅಂದಿದ್ದರಲ್ಲ, ಅವರೇ ಮಗಳ ಬಾಣಂತನಕ್ಕೆ ಒಂದು ಬೇಕು ಅಂತ ಫೋನ್ ಮಾಡಿದ್ದರು. ರೇಟ್ ಹೇಳಿದೆ. ಐದು ಸಾವಿರಕ್ಕೆ ಕೊಡ್ರಿ ಅಂತ ಇನ್ನೂ ಚೌಕಾಸಿ ಮಾಡುತ್ತಿದ್ದಾರೆ.