ಆಟಿಸಂ ಇರುವವರೊಡನೆ ಮಾತನಾಡುವುದು ಹೇಗೆ

ಆಟಿಸಂ ಎಂಬುದು ಮಾತುಕತೆ, ಒಡನಾಟ, ಸದ್ದು-ಬೆಳಕಿನ ಅನುಭವ ಇತರರಿಗಿಂತ ಬೇರೆಯಾಗಿರುವ, ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ. ಅದು ಇರುವ ವ್ಯಕ್ತಿಯೊಡನೆ ಮಾತನಾಡುವಾಗ ನಾವು ಮೊದಲು ತಿದ್ದಿಕೊಳ್ಳಬೇಕಾದದ್ದು ನಮ್ಮ ಮಾತಿನ ರೀತಿಯನ್ನು. ‘ನೋಡೋಣ’ ಎಂದು ಹೇಳಿ ಬೇಡವೆಂಬುದನ್ನು ಸೂಚಿಸುತ್ತೇವೆ, ‘ಐದು ನಿಮಿಷದಲ್ಲಿ ಬಂದೆ’ ಎಂದು ಅರ್ಧ ಗಂಟೆ ಕಾಯಿಸುತ್ತೇವೆ, ಉಳಿದದ್ದನ್ನು ಕೇಳುವವರೇ ಊಹಿಸಿಕೊಳ್ಳಲಿ ಎಂದು ಬಿಡುತ್ತೇವೆ. ಆಟಿಸಂ ಇರುವ ಅನೇಕರು ಮಾತನ್ನು ಅದರ ನೇರ ಅರ್ಥದಲ್ಲಿಯೇ ತೆಗೆದುಕೊಳ್ಳುತ್ತಾರೆ. ಆದ್ದರಿಂದ ‘ಇವತ್ತು ಆಗುವುದಿಲ್ಲ, ಭಾನುವಾರ ಬೆಳಿಗ್ಗೆ ಅಂತರಗಂಗೆಗೆ ಹೋಗೋಣ’ ಎಂದು ಬಿಡಿಸಿ ಹೇಳಬೇಕು. ಹೇಳಿದ ಮೇಲೆ ಭಾನುವಾರ ಹೋಗಲೂಬೇಕು. ‘ನಿನ್ನನ್ನು ಇಲ್ಲೇ ಬಿಟ್ಟು ಹೋಗುತ್ತೇವೆ’, ‘ಪೊಲೀಸರಿಗೆ ಹಿಡಿದುಕೊಡುತ್ತೇವೆ’ ಎಂದು ಮಕ್ಕಳನ್ನು ತಮಾಷೆಗೆ ಹೆದರಿಸುವ ಅಭ್ಯಾಸವನ್ನಂತೂ ಪೂರ್ತಿಯಾಗಿ ಕೈಬಿಡಬೇಕು, ಏಕೆಂದರೆ ಹೇಳಿದವರು ಮರೆತುಹೋದ ಆ ಮಾತನ್ನು ಮಗು ನಿಜವೆಂದು ನಂಬಿ ದಿನಗಟ್ಟಲೆ ಭಯಪಡಬಹುದು.

ಸ್ವತಃ ಆಟಿಸಂ ಇರುವ ಬ್ರಿಟಿಷ್ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ ಅವರು, ಪರಸ್ಪರ ಅರ್ಥವಾಗದಿರುವ ತೊಂದರೆ ಎರಡೂ ಕಡೆಯವರದು ಎಂದು 2012ರಲ್ಲಿ ವಾದಿಸಿದರು. ಆಟಿಸಂ ಇರುವವರಿಗೆ ನಮ್ಮ ಮುಖಭಾವ ತಿಳಿಯದಿರುವಂತೆಯೇ ನಮಗೂ ಅವರ ಮುಖಭಾವ ತಿಳಿಯುವುದಿಲ್ಲ. ಅವರು ನೇರವಾಗಿ ಆಡಿದ ಮಾತನ್ನು ಒರಟುತನವೆಂದು ಎಣಿಸುವ ಮೊದಲು ಇದನ್ನು ನೆನಪಿಡಬೇಕು.

ಪ್ರಶ್ನೆ ಕೇಳಿದ ಮೇಲೆ ಕಾಯಬೇಕು. ಇದು ಹೇಳುವುದಕ್ಕೆ ಸುಲಭ, ಪಾಲಿಸುವುದಕ್ಕೆ ಬಹಳ ಕಷ್ಟ. ಉತ್ತರ ಕೂಡಲೇ ಬರದಿದ್ದರೆ ನಾವು ಅದೇ ಪ್ರಶ್ನೆಯನ್ನು ಬೇರೆ ಪದಗಳಲ್ಲಿ ಕೇಳುತ್ತೇವೆ, ಪಕ್ಕದಲ್ಲಿದ್ದವರು ಇನ್ನೊಂದು ರೀತಿಯಲ್ಲಿ ಕೇಳುತ್ತಾರೆ. ಮೊದಲ ಮಾತನ್ನು ಇನ್ನೂ ಅರ್ಥೈಸಿಕೊಳ್ಳುತ್ತಿದ್ದ ವ್ಯಕ್ತಿ ಪ್ರತಿ ಸಲವೂ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಒಂದು ಪ್ರಶ್ನೆ ಕೇಳಿ, ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ, ಆಗಲೂ ಉತ್ತರ ಬರದಿದ್ದರೆ ಅದೇ ಪದಗಳಲ್ಲಿ ಇನ್ನೊಮ್ಮೆ ಕೇಳಿ. ‘ತಿಂಡಿಗೆ ಏನು ಬೇಕು?’ ಎಂಬುದಕ್ಕಿಂತ ‘ಇಡ್ಲಿ ಬೇಕೋ, ಮುದ್ದೆ ಬೇಕೋ?’ ಎಂಬುದಕ್ಕೆ ಉತ್ತರಿಸುವುದು ಸಾಮಾನ್ಯವಾಗಿ ಸುಲಭ.

‘ಮುಖ ನೋಡಿ ಮಾತಾಡು’ ಎಂದು ಒತ್ತಾಯಿಸಬಾರದು. ಕಣ್ಣಿಗೆ ಕಣ್ಣಿಟ್ಟು ನೋಡುವುದು ಹಲವರಿಗೆ ಹಿಂಸೆಯಾಗುತ್ತದೆ, ಮತ್ತು ಬೇರೆಡೆ ನೋಡುತ್ತಿರುವಾಗಲೇ ಅವರು ಚೆನ್ನಾಗಿ ಕೇಳಿಸಿಕೊಳ್ಳುತ್ತಿರಬಹುದು. ಮುಖ್ಯವಾದ ವಿಷಯವನ್ನು ಕೋಲಾರದ ಬಸ್ ನಿಲ್ದಾಣದಲ್ಲೋ, ಮಿಕ್ಸಿ ಮತ್ತು ಟಿವಿ ಎರಡೂ ಓಡುತ್ತಿರುವ ಮನೆಯಲ್ಲೋ ಹೇಳದೆ, ಸದ್ದಿಲ್ಲದ ಜಾಗದಲ್ಲಿ ಹೇಳಬೇಕು.

ಮಾತು ಬಾರದವರಿಗೆ ತಿಳಿವಳಿಕೆಯೂ ಇಲ್ಲವೆಂದು ಭಾವಿಸುವುದು ದೊಡ್ಡ ಅನ್ಯಾಯ. ಅವರ ಎದುರಿಗೇ ಅವರ ಬಗ್ಗೆ ತಾಯಿಯೊಡನೆ ‘ಇವನಿಗೆ ಏನಾಗಿದೆ?’ ಎಂದು ವಿಚಾರಿಸಬಾರದು. ಕೇಳಬೇಕಾದದ್ದನ್ನು ಅವರನ್ನೇ ಕೇಳಬೇಕು. ಮೂವತ್ತು ವರ್ಷದ ವ್ಯಕ್ತಿಯನ್ನು ‘ಪುಟ್ಟಾ’ ಎನ್ನದೆ, ಆ ವಯಸ್ಸಿನ ಬೇರೆಯವರಿಗೆ ಹೇಳುವಂತೆಯೇ ‘ನೀವು’ ಎನ್ನಬೇಕು. ಕೆಲವರು ಚಿತ್ರದ ಕಾರ್ಡುಗಳಿಂದ, ಕೆಲವರು ಮೊಬೈಲಿನಲ್ಲಿ ಟೈಪ್ ಮಾಡಿ ತಿಳಿಸುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಅಂಗವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಅನ್ನು ಸೇರಿಸಿರುವುದಷ್ಟೇ ಅಲ್ಲ, ಸಂವಹನ ಎಂಬುದರಲ್ಲಿ ಬರಹವನ್ನೂ ಸರಳ ಭಾಷೆಯನ್ನೂ ಇಂಥ ಪರ್ಯಾಯ ವಿಧಾನಗಳನ್ನೂ ಒಳಗೊಂಡಿದೆ. ಬ್ಯಾಂಕಿನ ಕೌಂಟರಿನಲ್ಲಿ ಕುಳಿತವರೂ ತಾಲ್ಲೂಕು ಕಚೇರಿಯ ಸಿಬ್ಬಂದಿಯೂ ಇದನ್ನು ತಿಳಿದಿರಬೇಕು. ‘ನೀರು ಬೇಕಾ?’ ಎಂದು ಕೇಳಿದಾಗ ಮಗು ‘ನೀರು ಬೇಕಾ’ ಎಂದೇ ಮರುನುಡಿದರೆ ಅದು ಅಣಕವಲ್ಲ. ಬೇಕು ಎಂಬುದನ್ನೇ ಅದು ಹಾಗೆ ಹೇಳುತ್ತಿರಬಹುದು. ಲೋಟವನ್ನು ಮುಂದಿಟ್ಟು ನೋಡಿ.

ನಮ್ಮ ಕೋಲಾರ ಜಿಲ್ಲೆಗೆ ವಿಶೇಷವಾಗಿ ಸಂಬಂಧಿಸಿದ ಸಂಗತಿಯೊಂದಿದೆ. ಇಲ್ಲಿ ಎಷ್ಟೋ ಮನೆಗಳಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಕೆಜಿಎಫ್ ಕಡೆ ತಮಿಳು, ಇನ್ನು ಹಲವು ಮನೆಗಳಲ್ಲಿ ಉರ್ದು. ಮಗುವಿಗೆ ಆಟಿಸಂ ಇದೆಯೆಂದು ತಿಳಿದ ಕೂಡಲೇ ‘ಒಂದೇ ಭಾಷೆ ಮಾತನಾಡಿ, ಇಂಗ್ಲಿಷ್ ಆದರೆ ಒಳ್ಳೆಯದು’ ಎಂಬ ಸಲಹೆ ಸಿಗುತ್ತದೆ, ಅಂದಿನಿಂದ ಅಜ್ಜಿ ಆ ಮಗುವಿನೊಡನೆ ಮಾತನ್ನೇ ಕಡಿಮೆ ಮಾಡುತ್ತಾರೆ. ಎರಡು ಭಾಷೆಗಳ ನಡುವೆ ಬೆಳೆಯುವುದರಿಂದ ಇಂಥ ಮಕ್ಕಳ ಭಾಷಾ ಬೆಳವಣಿಗೆಗೆ ಹಾನಿಯಾಗುವುದು ಈವರೆಗಿನ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಮನೆಯವರಿಗೆ ಯಾವ ಭಾಷೆ ಸರಾಗವೋ ಅದರಲ್ಲಿಯೇ, ಚಿಕ್ಕ ವಾಕ್ಯಗಳಲ್ಲಿ, ಧಾರಾಳವಾಗಿ ಮಾತನಾಡಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬದಲಾವಣೆಯನ್ನು ಮುಂಚಿತವಾಗಿ ತಿಳಿಸಬೇಕು. ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವುದಿದ್ದರೆ, ಎಷ್ಟು ಗಂಟೆಗೆ ಹೊರಡುತ್ತೇವೆ, ಎಲ್ಲಿ ಇಳಿಯುತ್ತೇವೆ, ರೈಲು ತಡವಾದರೆ ಏನು ಮಾಡುತ್ತೇವೆ ಎಂಬುದನ್ನು ಹಿಂದಿನ ದಿನವೇ ಕ್ರಮವಾಗಿ ಬರೆದುಕೊಡುವುದು ಬಾಯಿಮಾತಿಗಿಂತ ಹೆಚ್ಚು ನೆರವಾಗುತ್ತದೆ.

ಇಷ್ಟಾದರೂ ಜನಜಂಗುಳಿ, ಧ್ವನಿವರ್ಧಕ, ಬೆಳಕು ಎಲ್ಲವೂ ಮಿತಿಮೀರಿದಾಗ ಕೆಲವರು ಕಿರುಚಬಹುದು, ಕಿವಿ ಮುಚ್ಚಿಕೊಂಡು ನೆಲದಲ್ಲಿ ಕೂರಬಹುದು. ಮೆಲ್ಟ್‌ಡೌನ್ ಎಂದು ಕರೆಯುವ ಈ ಸ್ಥಿತಿಯನ್ನು ಹಠವೆಂದು ತಿಳಿದು ಗದರಿಸಬಾರದು. ಆಗ ಮಾತನ್ನು ಕಡಿಮೆ ಮಾಡಿ, ಸುತ್ತ ಸೇರಿದವರನ್ನು ದೂರ ಕಳುಹಿಸಿ, ಯಾರೂ ಮೊಬೈಲಿನಲ್ಲಿ ಚಿತ್ರೀಕರಿಸದಂತೆ ತಡೆಯಿರಿ. ಅನುಮತಿಯಿಲ್ಲದೆ ಮುಟ್ಟಬೇಡಿ, ಅಪಾಯವಿದ್ದರೆ ಮಾತ್ರ ಅದಕ್ಕೆ ವಿನಾಯಿತಿ. ಸಮಾಧಾನವಾದ ಕೂಡಲೇ ಕಾರಣ ಕೇಳಬೇಡಿ. ಮರುದಿನ, ಬರೆದೋ ಚಿತ್ರ ತೋರಿಸಿಯೋ ಕೇಳಿ, ಅವರು ಒಪ್ಪಿದರೆ ಆ ಉತ್ತರವನ್ನು ಶಾಲೆಯವರಿಗೂ ಕೆಲಸದ ಜಾಗದವರಿಗೂ ತಿಳಿಸಿ.