ಶಿಯಾತ್ಸು: ಹೆಬ್ಬೆರಳಿನ ಒತ್ತಡಕ್ಕೆ ಮೈಯೊಡ್ಡುವ ಮುನ್ನ

ಮಸಾಜ್ ಎಂದರೆ ನಮ್ಮ ಮನಸ್ಸಿಗೆ ಮೊದಲು ಬರುವುದು ಎಣ್ಣೆ. ಬಾಣಂತಿಗೆ, ಎಳೆಕೂಸಿಗೆ, ದೀಪಾವಳಿಯ ಅಭ್ಯಂಜನಕ್ಕೆ ಎಣ್ಣೆಯಿಲ್ಲದೆ ಮೈ ತಿಕ್ಕುವುದನ್ನು ಊಹಿಸಿಕೊಳ್ಳುವುದೇ ನಮಗೆ ಕಷ್ಟ. ಆದ್ದರಿಂದ ಕೆಲಸಕ್ಕೋ ಪ್ರವಾಸಕ್ಕೋ ಜಪಾನಿಗೆ ಹೋದವರು ಅಲ್ಲಿನ ಅನ್ಮಾ ಅಥವಾ ಶಿಯಾತ್ಸು ಎಂಬ ಮಸಾಜ್ ಮಾಡಿಸಿಕೊಳ್ಳಲು ಹೊರಟರೆ ಒಂದು ಸಂಗತಿಯನ್ನು ಮೊದಲೇ ತಿಳಿದಿರಬೇಕು: ಈ ಎರಡೂ ಪದ್ಧತಿಗಳಲ್ಲಿ ಸಾಮಾನ್ಯವಾಗಿ ಎಣ್ಣೆ ಹಚ್ಚುವುದಿಲ್ಲ, ಬಟ್ಟೆಯನ್ನೂ ಕಳಚಬೇಕಾಗಿಲ್ಲ.

ಅನ್ಮಾ ಹಳೆಯದು. ಹೆಸರಿನ ಅರ್ಥವೇ ಒತ್ತುವುದು ಮತ್ತು ಉಜ್ಜುವುದು. ಚೀನಾದಿಂದ ಬಂದ ಈ ವಿದ್ಯೆ ಎಡೋ ಕಾಲದಲ್ಲಿ (1603–1868) ಅಂಧರ ಜೀವನೋಪಾಯವಾಗಿ ಬೇರೂರಿತು. ಸ್ವತಃ ದೃಷ್ಟಿಹೀನರಾಗಿದ್ದ ಸುಗಿಯಾಮಾ ವೈಚಿ (1610–1694) ಅಂಧರಿಗೆ ಸೂಜಿ ಚಿಕಿತ್ಸೆಯನ್ನೂ ಅನ್ಮಾವನ್ನೂ ಕಲಿಸುವ ಶಾಲೆ ನಡೆಸಿದರು. ಇಂದಿಗೂ ಜಪಾನಿನ ಅಂಧರ ಶಾಲೆಗಳಲ್ಲಿ ಈ ಶಿಕ್ಷಣವಿದೆ. ಶಿಯಾತ್ಸು ಮಾತ್ರ 20ನೇ ಶತಮಾನದ ಕೂಸು. ಜಪಾನಿನ ಉತ್ತರದ ದ್ವೀಪ ಹೊಕ್ಕೈಡೋದ ಚಳಿಯಲ್ಲಿ ಕೀಲುನೋವಿನಿಂದ ನರಳುತ್ತಿದ್ದ ತಾಯಿಯ ಮೈಯನ್ನು ಒತ್ತುತ್ತಾ ಕಲಿತ ಹುಡುಗ ತೊಕುಜಿರೊ ನಮಿಕೊಶಿ, ಮುಂದೆ 1940ರಲ್ಲಿ ಟೋಕಿಯೊದಲ್ಲಿ ಶಿಯಾತ್ಸು ಶಾಲೆ ತೆರೆದರು.

ಮೊದಲ ಕೆಲಸ, ಸರಿಯಾದ ಕೈಯನ್ನು ಹುಡುಕುವುದು. ನನ್ನ ಮಟ್ಟಿಗೆ ಉಳಿದೆಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದೇ. ಜಪಾನಿನಲ್ಲಿ 1947ರ ಕಾನೂನಿನ ಪ್ರಕಾರ ಅನ್ಮಾ, ಮಸಾಜ್ ಮತ್ತು ಶಿಯಾತ್ಸುಗಳಿಗೆ ಒಂದೇ ರಾಷ್ಟ್ರೀಯ ಪರವಾನಗಿ ಇದೆ. ಕನಿಷ್ಠ 3 ವರ್ಷ ಓದಿ ಪರೀಕ್ಷೆ ಪಾಸಾದವರಿಗಷ್ಟೇ ಅದು ಸಿಗುತ್ತದೆ. ಆದರೆ ರೈಲು ನಿಲ್ದಾಣಗಳ ಸುತ್ತಮುತ್ತ ಕಾಣುವ ‘ಸೇತಾಯ್’ (ಮೈಯನ್ನು ಸರಿಹೊಂದಿಸುವ ಕೈಚಿಕಿತ್ಸೆ), ‘ರಿಲ್ಯಾಕ್ಸೇಶನ್’ ಎಂಬ ಫಲಕಗಳ ಹಿಂದೆ ಅಂಥ ಪರವಾನಗಿ ಇರಲೇಬೇಕೆಂದಿಲ್ಲ. ಅಲ್ಲಿಯೂ ಒಳ್ಳೆಯ ಕೈಗಳಿರಬಹುದು. ಆದರೂ ಬೆನ್ನು, ಕುತ್ತಿಗೆಗಳನ್ನು ಇನ್ನೊಬ್ಬರ ಕೈಗೆ ಒಪ್ಪಿಸುವಾಗ ಪರವಾನಗಿ ಇದೆಯೇ ಎಂದು ಕೇಳಲು ಸಂಕೋಚ ಪಡಬಾರದು.

ಹೋಗುವ ದಿನ ಹೊಟ್ಟೆ ತುಂಬ ಉಂಡು ಹೋಗಬೇಡಿ, ಸಡಿಲವಾದ ಹತ್ತಿಯ ಉಡುಪು ತೊಡಿ. ಗರ್ಭಿಣಿಯರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಮೂಳೆ ಸವೆತವಿರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಮೊದಲು ತಮ್ಮ ವೈದ್ಯರನ್ನು ಕೇಳಿ, ಆಮೇಲೆ ಚಿಕಿತ್ಸಕರಿಗೂ ತಿಳಿಸಬೇಕು. ಜ್ವರವಿದ್ದರೆ, ಇತ್ತೀಚೆಗೆ ಮೂಳೆ ಮುರಿದಿದ್ದರೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವ ಅನುಮಾನವಿದ್ದರೆ ಹೋಗಲೇಬಾರದು.

ಚಿಕಿತ್ಸೆ ನೆಲದ ಮೇಲಿನ ಹಾಸಿಗೆಯಲ್ಲಿ ಅಥವಾ ತಗ್ಗಾದ ಮಂಚದ ಮೇಲೆ ನಡೆಯುತ್ತದೆ. ಶಿಯಾತ್ಸು ಮಾಡುವವರು ಪಕ್ಕದಲ್ಲಿ ಮಂಡಿಯೂರಿ, ಬೆನ್ನೆಲುಬಿನ ಬದಿಯಲ್ಲಿ ಹೆಬ್ಬೆರಳನ್ನು ನೇರವಾಗಿ ಊರುತ್ತಾರೆ. ಅಲ್ಲಿ ಕೆಲಸ ಮಾಡುವುದು ತೋಳಿನ ಬಲವಲ್ಲ, ನಿಧಾನವಾಗಿ ಮುಂದಕ್ಕೆ ವಾಲುವ ಮೈಯ ಭಾರ. ಒತ್ತಡ ಮೆಲ್ಲಗೆ ಒಳಗಿಳಿದು, ನಾಲ್ಕೈದು ಸೆಕೆಂಡು ನಿಂತು, ಬಂದಷ್ಟೇ ಮೆಲ್ಲಗೆ ಹಿಂದೆ ಸರಿಯುತ್ತದೆ. ಹೆಬ್ಬೆರಳು ಒಂದಂಗುಲ ಕೆಳಗಿಳಿದು ಮತ್ತೆ ಊರುತ್ತದೆ. ಇದಕ್ಕೊಂದು ಲಯವಿದೆ, ಸ್ವಲ್ಪ ಹೊತ್ತಿನಲ್ಲೇ ನಿಮ್ಮ ಉಸಿರು ಅದಕ್ಕೆ ಹೊಂದಿಕೊಳ್ಳುತ್ತದೆ. ಅನ್ಮಾದಲ್ಲಿ ಹೀಗೆ ನಿಲ್ಲುವುದು ಕಡಿಮೆ, ನಾದುವುದು, ಉಜ್ಜುವುದು, ತಟ್ಟುವುದು ಹೆಚ್ಚು. ಕೈಗಳು ಮೈಯ ನಡುವಿನಿಂದ ಕೈಕಾಲುಗಳ ತುದಿಯತ್ತ ಸಾಗುತ್ತವೆ. ಶಿಯಾತ್ಸುವಿನಲ್ಲೇ ಶಿಜುತೊ ಮಸುನಾಗಾ (1925–1981) ರೂಪಿಸಿದ ಪದ್ಧತಿಯನ್ನು ಅನುಸರಿಸುವವರು ಮೊದಲು ಹೊಟ್ಟೆಯನ್ನು ಮುಟ್ಟಿ ನೋಡುತ್ತಾರೆ. ಅದು ಅವರ ಪರೀಕ್ಷಾ ಕ್ರಮ, ಗಾಬರಿಯಾಗಬೇಕಿಲ್ಲ. ಬೇಡವೆನಿಸಿದರೆ ಬೇಡವೆನ್ನುವುದಕ್ಕೂ ಅಡ್ಡಿಯಿಲ್ಲ.

ಒತ್ತಡ ಎಷ್ಟಿರಬೇಕು? ಜಪಾನಿಯರು ‘ಇತಾಕಿಮೊಚಿಯೀ’ ಎನ್ನುತ್ತಾರೆ, ನೋವೂ ಹೌದು, ಹಿತವೂ ಹೌದು ಎಂಬ ಆ ಗಡಿ. ಭುಜದ ಬಿಗಿತಕ್ಕೆ ‘ಕತಾಕೊರಿ’ ಎಂಬ ಹೆಸರನ್ನೇ ಇಟ್ಟುಕೊಂಡಿರುವ ಜನ ಅವರು. ಭುಜ ತೋರಿಸಿ ಈ ಒಂದು ಪದ ಹೇಳಿದರೆ ಸಾಕು, ಅರ್ಥವಾಗುತ್ತದೆ. ಹಲ್ಲು ಕಚ್ಚಿ ನೋವು ಸಹಿಸಿದಷ್ಟೂ ಗುಣ ಹೆಚ್ಚು ಎಂಬ ನಂಬಿಕೆಯನ್ನು ಮಾತ್ರ ದಯವಿಟ್ಟು ಬಿಡಿ. ನೋವಾದಾಗ ಸ್ನಾಯು ತನ್ನನ್ನು ಕಾಪಾಡಿಕೊಳ್ಳಲು ಮತ್ತಷ್ಟು ಬಿಗಿಯುತ್ತದೆ, ಒತ್ತಿದ್ದು ವ್ಯರ್ಥವಾಗುತ್ತದೆ. ‘ಮೋ ಸುಕೊಶಿ ಯೊವಾಕು’ ಎಂದರೆ ಇನ್ನೂ ಸ್ವಲ್ಪ ಮೆತ್ತಗೆ ಎಂದು, ‘ಇತಾಯ್ ದೆಸ್’ ಎಂದರೆ ನೋಯುತ್ತಿದೆ ಎಂದು. ಇವೆರಡನ್ನು ಬಾಯಿಪಾಠ ಮಾಡಿಕೊಂಡು ಹೋಗಿ. ನಿಮ್ಮ ಮೈ ಎಷ್ಟು ತಾಳುತ್ತದೆ ಎಂಬುದನ್ನು ನೀವೇ ಬಾಯಿಬಿಟ್ಟು ಹೇಳಬೇಕು. ಚಿಕಿತ್ಸಕರಿಗೂ ಬೇಕಾಗಿರುವುದು ಅದೇ.

ಮುಗಿದ ಮೇಲೆ ಥಟ್ಟನೆ ಏಳದೆ, ಪಕ್ಕಕ್ಕೆ ಹೊರಳಿ ನಿಧಾನವಾಗಿ ಎದ್ದು ಕೂಡಬೇಕು. ಕೆಲವರಿಗೆ ತಲೆ ಸುತ್ತುವುದುಂಟು. ಮರುದಿನ ಮೈಕೈ ನೋವು ಕಾಣಿಸಿಕೊಂಡರೆ ಅದನ್ನು ಅಲ್ಲಿ ‘ಮೊಮಿಕಾಯೆಶಿ’ ಎನ್ನುತ್ತಾರೆ, ಒತ್ತಡ ಹೆಚ್ಚಾಯಿತು ಎಂಬುದರ ಗುರುತು ಅದು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ, ಮುಂದಿನ ಸಲ ಹೋದಾಗ ಮೊದಲೇ ಹೇಳಿಬಿಡಿ. ನೋವು ಇಳಿಯದಿದ್ದರೆ, ಅಥವಾ ಕೈಕಾಲು ಜೋಮು ಹಿಡಿದರೆ, ಮತ್ತೆ ಒತ್ತಿಸಿಕೊಳ್ಳಲು ಹೋಗದೆ ನೇರವಾಗಿ ವೈದ್ಯರಲ್ಲಿಗೆ ಹೋಗಬೇಕು.