ಕೊಟೇಶನ್ ಚೀಟಿ ಓದುವುದು ಹೇಗೆ? ಡೆಸ್ಕ್‌ಟಾಪ್ ಜೋಡಿಸುವವರಿಗೆ ಸಾಲು ಸಾಲಿನ ವಿವರ

ಕಂಪ್ಯೂಟರ್ ಬಿಡಿಭಾಗಗಳ ಮಾರುಕಟ್ಟೆಯಾದ ಬೆಂಗಳೂರಿನ ಎಸ್‌.ಪಿ. ರೋಡಿನ ಅಂಗಡಿಯೊಂದಕ್ಕೆ ಹೋಗಿ ‘ಒಂದು ಸಿಸ್ಟಂ ಮಾಡಿಸ್ಬೇಕು, ರೇಟ್ ಹೇಳಿ’ ಎಂದರೆ ಐದು ನಿಮಿಷದಲ್ಲಿ ಚೀಟಿ ಕೈಗೆ ಬರುತ್ತದೆ. ಸಾಮಾನ್ಯವಾಗಿ ಅದರಲ್ಲಿ ಹೀಗಿರುತ್ತದೆ: ಐ5 ಪ್ರೊಸೆಸರ್, ಬೋರ್ಡ್ (ಮದರ್‌ಬೋರ್ಡ್), 16 ಜಿಬಿ ರ‍್ಯಾಮ್, 512 ಎಸ್‌ಎಸ್‌ಡಿ, 8 ಜಿಬಿ ಗ್ರಾಫಿಕ್ಸ್, ಕ್ಯಾಬಿನೆಟ್, 500 ವ್ಯಾಟ್ ಎಸ್‌ಎಂಪಿಎಸ್ (ಎಲ್ಲಕ್ಕೂ ಕರೆಂಟ್ ಹಂಚುವ ಡಬ್ಬಿ). ಕೆಳಗೊಂದು ಮೊತ್ತ. ಏಳು ಸಾಲುಗಳಲ್ಲಿ ಒಂದಕ್ಕೂ ಪೂರ್ತಿ ಮಾಡೆಲ್ ಹೆಸರಿಲ್ಲ. ಇದೇ ಚೀಟಿಯಿಂದ ಏಳೆಂಟು ವರ್ಷ ಬಾಳುವ ಕಂಪ್ಯೂಟರನ್ನೂ ಕಟ್ಟಬಹುದು, ಮೊದಲ ಮಳೆಗಾಲದಲ್ಲೇ ಕೈಕೊಡುವ ಕಂಪ್ಯೂಟರನ್ನೂ ಕಟ್ಟಬಹುದು. ಆದ್ದರಿಂದ ಪ್ರತಿ ಸಾಲಿನ ಮುಂದೆ ಕಂಪನಿ ಮತ್ತು ಪೂರ್ತಿ ಮಾಡೆಲ್ ಸಂಖ್ಯೆ ಬರೆಸಿಕೊಳ್ಳುವ ತನಕ ಮುಂಗಡ ಕೊಡಬೇಡಿ. ಏನು ಬರೆಸಬೇಕು, ಏಕೆ ಬರೆಸಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಚೀಟಿಗೂ ಮೊದಲು

ಮಾನಿಟರ್, ಕೀಬೋರ್ಡ್ ಬಿಟ್ಟು ಸಿಪಿಯುಗೆ ಮಾತ್ರ 80ರಿಂದ 90 ಸಾವಿರ ರೂಪಾಯಿ ಇಟ್ಟುಕೊಂಡಿದ್ದೀರಿ ಎಂದುಕೊಳ್ಳಿ. ಗೇಮ್ ಆಡಲು ಅಥವಾ ವಿಡಿಯೊ ಎಡಿಟಿಂಗ್‌ಗೆ ಆದರೆ ಮೂರನೇ ಒಂದು ಪಾಲು ಗ್ರಾಫಿಕ್ಸ್ ಕಾರ್ಡಿಗೆ, ಇನ್ನೊಂದು ಪಾಲು ಪ್ರೊಸೆಸರ್ ಮತ್ತು ಬೋರ್ಡಿಗೆ, ಉಳಿದದ್ದು ಮಿಕ್ಕೆಲ್ಲಕ್ಕೆ. ಕೋಡಿಂಗ್, ಟ್ಯಾಲಿ, ಆನ್‌ಲೈನ್ ತರಗತಿ, ಕಚೇರಿ ಕೆಲಸ ಇಷ್ಟೇ ಆದರೆ ಗ್ರಾಫಿಕ್ಸ್ ಕಾರ್ಡೇ ಬೇಡ. ಆ ಹಣದ ಸ್ವಲ್ಪ ಭಾಗ ರ‍್ಯಾಮ್‌ಗೂ ಎಸ್‌ಎಸ್‌ಡಿಗೂ ಹೋಗಲಿ, ಉಳಿದದ್ದು ಜೇಬಿನಲ್ಲೇ ಇರಲಿ.

ಹಳೆಯ ಯೂಟ್ಯೂಬ್ ವಿಡಿಯೊದ ಬೆಲೆ ಪಟ್ಟಿ ನಂಬಿಕೊಂಡು ಹೋಗಬೇಡಿ. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ವಿಪರೀತ ಏರಿತು. ಮೆಮೊರಿ ಚಿಪ್‌ಗಳು ಎಐ ಡೇಟಾ ಸೆಂಟರ್‌ಗಳತ್ತ ಹರಿದುಹೋದದ್ದು ಅದಕ್ಕೆ ದೊಡ್ಡ ಕಾರಣ. ಹಾಗಾಗಿ ಕೊಟೇಶನ್ ಎಷ್ಟು ದಿನಕ್ಕೆ ಅನ್ವಯ ಎಂದು ಕೇಳಿ, ಚೀಟಿಯ ಮೇಲೆ ದಿನಾಂಕ ಹಾಕಿಸಿ.

ಪ್ರೊಸೆಸರ್

‘ಐ5’ ಎಂದಷ್ಟೇ ಬರೆದರೆ ಏನೂ ಹೇಳಿದಂತಾಗಲಿಲ್ಲ. ಹತ್ತು ವರ್ಷ ಹಿಂದಿನದೂ ಐ5, ನಿನ್ನೆ ಮೊನ್ನೆ ಬಂದದ್ದೂ ಐ5. ಸಂಖ್ಯೆ ಬೇಕು, ಸಂಖ್ಯೆಯ ಕೊನೆಯ ಅಕ್ಷರವೂ ಬೇಕು. ಐ5-12400ರಲ್ಲಿ ಒಳಗೇ ಗ್ರಾಫಿಕ್ಸ್ ಇದೆ, ಐ5-12400ಎಫ್‌ನಲ್ಲಿ ಇಲ್ಲ. ‘ಎಫ್’ ಇರುವ ಪ್ರೊಸೆಸರ್ ತಂದು ‘ಕಾರ್ಡು ಆಮೇಲೆ ತಗೊಳ್ಳೋಣ’ ಎಂದುಕೊಂಡವರಿಗೆ ಪರದೆಯ ಮೇಲೆ ಏನೂ ಕಾಣುವುದಿಲ್ಲ.

ಈ ಬಜೆಟ್‌ಗೆ ನಮ್ಮ ಮೊದಲ ಆಯ್ಕೆ ಎಎಂಡಿಯ ರೈಝನ್ 5 7600. ಆರು ಕೋರ್, ಹನ್ನೆರಡು ಥ್ರೆಡ್, 65 ವ್ಯಾಟ್. ಕೂಲರ್ ಡಬ್ಬಿಯಲ್ಲೇ ಬರುತ್ತದೆ. ಪರದೆ ತೋರಿಸುವಷ್ಟು ಪುಟ್ಟ ಗ್ರಾಫಿಕ್ಸ್ ಒಳಗೇ ಇರುವುದರಿಂದ ಮುಂದೆ ಕಾರ್ಡ್ ಕೆಟ್ಟರೂ ಕಂಪ್ಯೂಟರ್ ಮೂಲೆ ಸೇರುವುದಿಲ್ಲ. ಅದು ಕೂರುವ ಎಎಂ5 ಸಾಕೆಟ್‌ಗೆ 2027ರವರೆಗೆ ಮತ್ತು ಅದರಾಚೆಗೂ ಬೆಂಬಲ ಕೊಡುವುದಾಗಿ ಎಎಂಡಿ ಹೇಳಿದೆ; ಅಂದರೆ ಬೋರ್ಡ್ ಬದಲಿಸದೆ ಪ್ರೊಸೆಸರ್ ಮಾತ್ರ ಬದಲಿಸುವ ದಾರಿ ತೆರೆದಿದೆ. ಕಾರ್ಡ್ ಬೇಡ, ಆದರೂ ಆಗಾಗ ಸಣ್ಣಪುಟ್ಟ ಗೇಮ್ ಆಡಬೇಕು ಎನ್ನುವವರಿಗೆ ರೈಝನ್ 5 8600ಜಿ. ಮನೆಯಲ್ಲಿ ಹಿಂದಿನ ತಲೆಮಾರಿನ ಡಿಡಿಆರ್4 ರ‍್ಯಾಮ್ ಮೊದಲೇ ಇದ್ದರೆ ರೈಝನ್ 5 5600 ಇಂದಿಗೂ ಮರ್ಯಾದೆ ಉಳಿಸುವ ಪ್ರೊಸೆಸರ್. ಆದರೆ ಅದು ಕೂರುವ ಎಎಂ4 ಸಾಕೆಟ್‌ನ ಕಾಲ ಮುಗಿಯುತ್ತ ಬಂದಿದೆ.

‘ಬಾಕ್ಸ್’ ಎಂದೂ ಬರೆಸಿ. ಡಬ್ಬಿಯಲ್ಲಿ ಬರುವ ಇಂಟೆಲ್, ಎಎಂಡಿ ಪ್ರೊಸೆಸರ್‌ಗಳಿಗೆ ಕಂಪನಿಯ ಮೂರು ವರ್ಷದ ವಾರಂಟಿ ಇದೆ. ಡಬ್ಬಿಯಿಲ್ಲದೆ ಬರುವ ‘ಟ್ರೇ’ ಪೀಸ್ ಸ್ವಲ್ಪ ಅಗ್ಗ. ಅದರ ಹೊಣೆ ಅಂಗಡಿಯವರ ಮಾತಿನ ಮೇಲೆ ನಿಂತಿರುತ್ತದೆ.

ಬೋರ್ಡ್

ರೈಝನ್ 7600ಕ್ಕೆ ಬಿ650 ಚಿಪ್‌ಸೆಟ್‌ನ ಮೈಕ್ರೊ ಎಟಿಎಕ್ಸ್ (ಚಿಕ್ಕ ಅಳತೆಯ) ಬೋರ್ಡ್ ಸಾಕು. ಮೂರು ವಿಷಯ ನೋಡಿ. ಪ್ರೊಸೆಸರ್ ಸಾಕೆಟ್‌ನ ಪಕ್ಕದ ವಿದ್ಯುತ್ ಭಾಗಕ್ಕೆ ಲೋಹದ ಹೀಟ್‌ಸಿಂಕ್ ಇದೆಯೇ? ಎಸ್‌ಎಸ್‌ಡಿ ಕೂರಿಸುವ ಎಂ.2 ಸ್ಲಾಟ್ ಎರಡಿವೆಯೇ? ಹಿಂಬದಿಯಲ್ಲಿ ಬಯಾಸ್ (ಬೋರ್ಡಿನ ಮೂಲ ತಂತ್ರಾಂಶ) ಫ್ಲ್ಯಾಶ್‌ಬ್ಯಾಕ್ ಗುಂಡಿ ಇದೆಯೇ? ಈ ಮೂರನೆಯದರ ಬೆಲೆ ಗೊತ್ತಾಗುವುದು ಕಷ್ಟ ಬಂದಾಗ. ಅಂಗಡಿಯ ಗೋದಾಮಿನಲ್ಲಿ ಬಹಳ ದಿನ ಕೂತ ಬೋರ್ಡಿಗೆ ರೈಝನ್ 9000 ಸರಣಿಯ ಪ್ರೊಸೆಸರ್ ಹಾಕಿದರೆ ಹಳೆಯ ಬಯಾಸ್ ಅದನ್ನು ಗುರುತಿಸದೆ ಪರದೆ ಕಪ್ಪಾಗಿಯೇ ಉಳಿಯಬಹುದು. ಗುಂಡಿ ಇದ್ದರೆ ಪೆನ್‌ಡ್ರೈವ್‌ನಲ್ಲಿ ಹೊಸ ಬಯಾಸ್ ಹಾಕಿ, ಪ್ರೊಸೆಸರ್ ಇಲ್ಲದೆಯೇ ಅಪ್‌ಡೇಟ್ ಮಾಡಬಹುದು.

ಇಂಟೆಲ್ ಕಡೆ ಹೋಗುವವರಿಗೆ ಬೇರೆಯೇ ಒಂದು ಹಳ್ಳ ಕಾದಿದೆ. ಬಿ760 ಬೋರ್ಡ್‌ಗಳಲ್ಲಿ ಡಿಡಿಆರ್4ರದ್ದೂ ಇವೆ, ಡಿಡಿಆರ್5ರದ್ದೂ ಇವೆ. ಹೆಸರಿನಲ್ಲಿ ಕೆಲವೊಮ್ಮೆ ಒಂದಕ್ಷರದ ವ್ಯತ್ಯಾಸ. ಎರಡೂ ರ‍್ಯಾಮ್‌ಗಳ ಕಚ್ಚು ಬೇರೆ ಬೇರೆ ಜಾಗದಲ್ಲಿರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಒತ್ತಿದರೆ ಸ್ಲಾಟ್ ಮುರಿಯುತ್ತದೆ, ಅಷ್ಟೇ.

ರ‍್ಯಾಮ್ ಮತ್ತು ಎಸ್‌ಎಸ್‌ಡಿ

‘16 ಜಿಬಿ’ ಎಂದರೆ 16ರ ಒಂದು ಸ್ಟಿಕ್ಕೋ, 8ರ ಎರಡೋ? ಎರಡು ಇದ್ದರೆ ಪ್ರೊಸೆಸರ್ ಎರಡು ದಾರಿಯಲ್ಲಿ ಡೇಟಾ ಎಳೆದುಕೊಳ್ಳುತ್ತದೆ. ಕಾರ್ಡ್ ಇಲ್ಲದ ಕಂಪ್ಯೂಟರಿನಲ್ಲಿ ಒಂದೇ ಸ್ಟಿಕ್ ಹಾಕಿದರೆ ಗ್ರಾಫಿಕ್ಸ್ ತೀರಾ ಸೊರಗುತ್ತದೆ, ಏಕೆಂದರೆ ಅದು ಬಳಸುವುದೂ ಇದೇ ರ‍್ಯಾಮ್ ಅನ್ನು. ಕೈಗೆಟುಕಿದರೆ 16ರ ಎರಡು ಇರುವ ಕಿಟ್, ಡಿಡಿಆರ್5 6000 (ವೇಗ), ಸಿಎಲ್30 (ಉತ್ತರಿಸಲು ಹಿಡಿಯುವ ತಡ). ಆಗದಿದ್ದರೆ 8ರ ಎರಡು. ಈಗ ಎರಡು, ಮುಂದಿನ ವರ್ಷ ಇನ್ನೆರಡು ಸೇರಿಸುವ ಯೋಚನೆ ಡಿಡಿಆರ್5ರಲ್ಲಿ ಚೆನ್ನಾಗಿ ನಡೆಯುವುದಿಲ್ಲ. ನಾಲ್ಕು ಸ್ಟಿಕ್ ತುಂಬಿದಾಗ ವೇಗ ಇಳಿಸಬೇಕಾಗುತ್ತದೆ.

ಎಸ್‌ಎಸ್‌ಡಿ 1 ಟಿಬಿ ಇರಲಿ. ಎಂ.2 ಆಕಾರದಲ್ಲಿದ್ದ ಮಾತ್ರಕ್ಕೆ ಅದು ವೇಗದ್ದಲ್ಲ: ಸಾಟಾ ಆದರೆ ಸೆಕೆಂಡಿಗೆ ಸುಮಾರು 550 ಎಂಬಿಗೆ ನಿಲ್ಲುತ್ತದೆ, ನಾಲ್ಕನೇ ತಲೆಮಾರಿನ ಎನ್‌ವಿಎಂಇ 5000ದಿಂದ 7000 ಎಂಬಿಯವರೆಗೆ ಹೋಗುತ್ತದೆ. ಟಿಎಲ್‌ಸಿ (ಒಂದು ಕೋಶದಲ್ಲಿ ಮೂರು ಬಿಟ್ ಇಡುವ) ಚಿಪ್ ಇರುವುದನ್ನೇ ಕೇಳಿ. ಕ್ಯೂಎಲ್‌ಸಿ (ನಾಲ್ಕು ಬಿಟ್) ಚಿಪ್‌ನವು ದಿನಬಳಕೆಗೆ ನಡೆಯುತ್ತವೆ. ಮದುವೆ ವಿಡಿಯೊದಂಥ 200 ಜಿಬಿಯ ಫೈಲುಗಳನ್ನು ಒಟ್ಟಿಗೆ ಸುರಿದಾಗ ಮಾತ್ರ ಅರ್ಧ ದಾರಿಯಲ್ಲಿ ಹಾರ್ಡ್ ಡಿಸ್ಕಿನಂತೆ ತೆವಳತೊಡಗುತ್ತವೆ.

ಗ್ರಾಫಿಕ್ಸ್ ಕಾರ್ಡ್

8 ಜಿಬಿ ಎನ್ನುವುದು ಕಾರ್ಡಿನ ಮೆಮೊರಿ, ಅದರ ಶಕ್ತಿಯಲ್ಲ. ಹಳೆಯ ನಿಧಾನದ ಕಾರ್ಡಿಗೂ 8 ಜಿಬಿ ಇರಬಹುದು. ಬ್ಲೆಂಡರ್, ಎಐ ಪ್ರಯೋಗ, ಕುಡಾ (ಎನ್‌ವಿಡಿಯಾದ್ದೇ ಆದ ತಂತ್ರ) ಬೇಡುವ ಸಾಫ್ಟ್‌ವೇರ್ ಬಳಸುವವರು ಎನ್‌ವಿಡಿಯಾದ ಆರ್‌ಟಿಎಕ್ಸ್ 5060 ನೋಡಲಿ. ಮುಖ್ಯವಾಗಿ ಗೇಮ್‌ಗಾದರೆ ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ. ಇದು 8 ಜಿಬಿಯಲ್ಲೂ 16 ಜಿಬಿಯಲ್ಲೂ ಒಂದೇ ಹೆಸರಿನಲ್ಲಿ ಬರುತ್ತದೆ. ನಾಲ್ಕೈದು ವರ್ಷ ಇಟ್ಟುಕೊಳ್ಳುವವರು 16ರದ್ದನ್ನೇ ಬರೆಸಿ. 12 ಜಿಬಿಯ ಇಂಟೆಲ್ ಆರ್ಕ್ ಬಿ580 ಕೂಡ ಒಳ್ಳೆಯದೇ, ಆದರೆ ಬಯಾಸ್‌ನಲ್ಲಿ ರೀಸೈಝೆಬಲ್ ಬಾರ್ (ಪ್ರೊಸೆಸರ್ ಕಾರ್ಡಿನ ಮೆಮೊರಿಯನ್ನೆಲ್ಲ ಒಟ್ಟಿಗೆ ತಲುಪುವ ಸೌಲಭ್ಯ) ಆನ್ ಆಗಿರಲೇಬೇಕು. ಹಳೆಯ ಬೋರ್ಡಿಗೆ ಅದನ್ನು ಸಿಕ್ಕಿಸಿ ‘ಓಡುತ್ತಿಲ್ಲ’ ಎನ್ನುವುದರಲ್ಲಿ ಅರ್ಥವಿಲ್ಲ.

ಎಸ್‌ಎಂಪಿಎಸ್: ಲೇಬಲ್ ತಿರುಗಿಸಿ ಓದಿ

ಚೀಟಿಯ ಮೊತ್ತ ಇಳಿಸಬೇಕಾದಾಗ ಎಲ್ಲರ ಕಣ್ಣು ಮೊದಲು ಬೀಳುವುದು ಈ ಸಾಲಿನ ಮೇಲೆ. ಇಲ್ಲಿ ಕೈ ಬಿಗಿ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇವೆ. ಕೆಟ್ಟ ಎಸ್‌ಎಂಪಿಎಸ್ ತಾನು ಸಾಯುವಾಗ ಬೋರ್ಡನ್ನೂ ಕಾರ್ಡನ್ನೂ ಜೊತೆಗೆ ಕರೆದೊಯ್ಯಬಲ್ಲದು.

ಮೊದಲು ಎಷ್ಟು ಬೇಕು ಎಂದು ಲೆಕ್ಕ ಹಾಕಿ. ರೈಝನ್ 7600 ಪೂರ್ತಿ ದುಡಿಯುವಾಗ ಎಳೆಯುವುದು ಸುಮಾರು 90 ವ್ಯಾಟ್, ಆರ್‌ಟಿಎಕ್ಸ್ 5060ಕ್ಕೆ 145, ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್ ಎಲ್ಲ ಸೇರಿ ಇನ್ನೊಂದು 60. ಒಟ್ಟು 300ರ ಆಸುಪಾಸು. ಕಾರ್ಡು ಕ್ಷಣಮಾತ್ರ ಹೆಚ್ಚು ಎಳೆಯುವುದನ್ನೂ ಮುಂದೆ ದೊಡ್ಡ ಕಾರ್ಡ್ ಹಾಕುವುದನ್ನೂ ಸೇರಿಸಿದರೆ 550ರಿಂದ 650 ವ್ಯಾಟ್ ಸಾಕು.

ಈಗ ಅಂಗಡಿಯಲ್ಲಿ ಡಬ್ಬಿ ತೆಗೆಸಿ, ಪಕ್ಕದ ಲೇಬಲ್ ನೋಡಿ. 12 ವೋಲ್ಟ್ ಎಂದಿರುವ ಕಡೆ ಎಷ್ಟು ಆಂಪ್ಸ್ ಬರೆದಿದೆ? ಅದನ್ನು 12ರಿಂದ ಗುಣಿಸಿ. 45 ಆಂಪ್ಸ್ ಇದ್ದರೆ 540 ವ್ಯಾಟ್. ಅದು ನಿಜವಾದ 550ರ ಎಸ್‌ಎಂಪಿಎಸ್. ಮೇಲೆ ದಪ್ಪ ಅಕ್ಷರದಲ್ಲಿ 500 ಎಂದಿದ್ದು, 12 ವೋಲ್ಟ್ ಎದುರು 18 ಆಂಪ್ಸ್ ಇದ್ದರೆ? 216 ವ್ಯಾಟ್. ಪ್ರೊಸೆಸರ್ ಮತ್ತು ಕಾರ್ಡು ಎರಡೂ ಬಹುಪಾಲು ಈ 12 ವೋಲ್ಟಿನ ಸಾಲಿನಿಂದಲೇ ಉಣ್ಣುವುದರಿಂದ ನಿಮ್ಮ ಕಂಪ್ಯೂಟರ್ ಗೇಮ್ ಶುರುವಾದೊಡನೆ ಆಫ್ ಆಗುತ್ತದೆ. ಕ್ಯಾಬಿನೆಟ್ ಜೊತೆ ‘ಫ್ರೀ’ ಬರುವ ಎಸ್‌ಎಂಪಿಎಸ್‌ಗಳ ಲೇಬಲನ್ನು ಹೀಗೆ ಒಮ್ಮೆ ಗುಣಿಸಿ ನೋಡಿ, ಬೇಡವೆನ್ನಲು ಬೇರೆ ಕಾರಣ ಬೇಕಾಗುವುದಿಲ್ಲ.

80 ಪ್ಲಸ್ ಬ್ರಾಂಜ್, ಗೋಲ್ಡ್ ಎನ್ನುವುದು ಕರೆಂಟ್ ಎಷ್ಟು ವ್ಯರ್ಥವಾಗುತ್ತದೆ ಎಂಬುದರ ಅಳತೆ. ರಕ್ಷಣೆಯ ಸರ್ಟಿಫಿಕೇಟ್ ಅಲ್ಲ. ಐದು ವರ್ಷ ಅಥವಾ ಹೆಚ್ಚು ವಾರಂಟಿ ಕೊಡುವ ಮಾಡೆಲ್ ಆರಿಸಿದರೆ ಹೆಚ್ಚು ನೆಮ್ಮದಿ. ಮಾಡ್ಯುಲರ್ ಎಸ್‌ಎಂಪಿಎಸ್ ತಂದವರು ಅದರ ಡಬ್ಬಿಯ ಕೇಬಲ್‌ಗಳನ್ನು ಮಾತ್ರ ಬಳಸಬೇಕು. ಹಳೆಯ ಎಸ್‌ಎಂಪಿಎಸ್‌ನ ಕೇಬಲ್ ಸರಿಯಾಗಿ ಕೂತರೂ ಒಳಗಿನ ತಂತಿಗಳ ಕ್ರಮ ಬೇರೆ ಇರಬಹುದು. 5 ವೋಲ್ಟ್ ಹೋಗಬೇಕಾದ ಕಡೆ 12 ಹೋಗಿ ಹಾರ್ಡ್ ಡಿಸ್ಕ್ ಸುಟ್ಟು, ಅದರೊಳಗಿನ ಫೋಟೊಗಳೂ ಹೋಗುತ್ತವೆ.

ಕ್ಯಾಬಿನೆಟ್

ಮುಂಭಾಗ ಗಾಜಿನದ್ದು ಬೇಡ, ಜಾಲರಿಯದ್ದು ಇರಲಿ. ಕಳಚಿ ತೊಳೆಯಬಹುದಾದ ಡಸ್ಟ್ ಫಿಲ್ಟರ್ ಇರಲಿ. ನಮ್ಮ ಊರಿನ ರಸ್ತೆ ಬದಿಯ ಮನೆಗಳಲ್ಲಿ ತಿಂಗಳಿಗೊಮ್ಮೆ ತೊಳೆಯಬೇಕಾಗುತ್ತದೆ. ಮುಂದೆ ಎರಡು ಫ್ಯಾನ್ ಗಾಳಿ ಒಳಗೆಳೆಯಲು, ಹಿಂದೆ ಒಂದು ಹೊರಹಾಕಲು. ಎಷ್ಟು ಮಿಲಿಮೀಟರ್ ಉದ್ದದ ಕಾರ್ಡ್ ಹಿಡಿಸುತ್ತದೆ ಎಂದು ನೋಡಿ, ಏಕೆಂದರೆ ಮೂರು ಫ್ಯಾನಿನ ಕಾರ್ಡುಗಳು 300 ಮಿ.ಮೀ. ದಾಟುವುದೂ ಉಂಟು.

ಬಿಲ್

ಚಿಕ್ಕಪೇಟೆ ಮೆಟ್ರೊದಲ್ಲಿ ಇಳಿದರೆ ಎಸ್‌.ಪಿ. ರೋಡಿಗೆ, ಅಂದರೆ ಸಾದರ ಪತ್ರಪ್ಪ ರಸ್ತೆಗೆ, ನಡೆದೇ ಹೋಗಬಹುದು. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಮೂರು ಕಡೆ ಒಂದೇ ಮಾಡೆಲ್ ಪಟ್ಟಿ ತೋರಿಸಿ ರೇಟ್ ಕೇಳಿ, ‘ಜಿಎಸ್‌ಟಿ ಸೇರಿಯೇ?’ ಎಂದು ಕೇಳುವುದನ್ನು ಮರೆಯಬೇಡಿ. ತೆರಿಗೆ ಶೇ 18. ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇವೆ ಎಂದರೆ ಬೇಡ ಎನ್ನಿ. ಎರಡು ವರ್ಷದ ಮೇಲೆ ಕಾರ್ಡ್ ಕೆಟ್ಟಾಗ ಸರ್ವಿಸ್ ಸೆಂಟರ್‌ನಲ್ಲಿ ನಿಮ್ಮ ಪರ ಮಾತಾಡುವುದು ಸೀರಿಯಲ್ ನಂಬರ್ ಬರೆದ ಆ ಬಿಲ್ ಒಂದೇ. ಬೇರೆ ದೇಶದಿಂದ ಬಂದ ಕಾರ್ಡಿಗೆ ಇಲ್ಲಿನ ವಾರಂಟಿ ಸಿಗದೆ ಹೋಗಬಹುದು, ಅದನ್ನೂ ಕೇಳಿಕೊಳ್ಳಿ.

ಜೋಡಿಸುವಾಗ

ನಂಬರ್ 2 ಫಿಲಿಪ್ಸ್ ಸ್ಕ್ರೂಡ್ರೈವರ್ ಒಂದಿದ್ದರೆ ಕೆಲಸ ಮುಗಿಯುತ್ತದೆ. ಎಲ್ಲವನ್ನೂ ನೇರ ಕ್ಯಾಬಿನೆಟ್‌ಗೆ ತುಂಬಬೇಡಿ. ಬೋರ್ಡನ್ನು ಅದರ ರಟ್ಟಿನ ಡಬ್ಬಿಯ ಮೇಲಿಟ್ಟು ಪ್ರೊಸೆಸರ್, ಕೂಲರ್, ರ‍್ಯಾಮ್ ಮಾತ್ರ ಹಾಕಿ, ಎಸ್‌ಎಂಪಿಎಸ್‌ನ 24 ಪಿನ್ ಮತ್ತು ಪ್ರೊಸೆಸರ್‌ನ 8 ಪಿನ್ ಕೇಬಲ್ ಕೊಟ್ಟು, ಮಾನಿಟರ್ ಬೋರ್ಡಿಗೇ ಜೋಡಿಸಿ ಒಮ್ಮೆ ಆನ್ ಮಾಡಿ. ತೊಂದರೆ ಇದ್ದರೆ ಇಲ್ಲೇ ತಿಳಿಯುತ್ತದೆ.

ಎಎಂ5 ಬೋರ್ಡಿನ ಸಾಕೆಟ್‌ನಲ್ಲಿ 1718 ಪಿನ್‌ಗಳಿವೆ, ಒಂದೊಂದೂ ಕೂದಲಿನಷ್ಟು ಸೂಕ್ಷ್ಮ. ಪ್ರೊಸೆಸರ್ ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಸಾಕೆಟ್‌ನ ತ್ರಿಕೋನಕ್ಕೆ ಹೊಂದಿಸಿ ಇಳಿಯಬಿಡಿ, ಒತ್ತಬೇಡಿ. ಬಾಗಿದ ಪಿನ್‌ಗೆ ವಾರಂಟಿ ಇಲ್ಲ. ಸಾಕೆಟ್ ಮೇಲಿದ್ದ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಎಸೆಯಬೇಡಿ, ಬೋರ್ಡ್ ಸರ್ವಿಸ್‌ಗೆ ಕೊಡುವಾಗ ಅದನ್ನು ಕೇಳುತ್ತಾರೆ. 7600ರ ಜೊತೆ ಬರುವ ಕೂಲರ್‌ಗೆ ಪೇಸ್ಟ್ ಮೊದಲೇ ಹಚ್ಚಿರುತ್ತದೆ. ಬೇರೆ ಕೂಲರ್ ಆದರೆ ಕಡಲೆಕಾಳಿನಷ್ಟು ಪೇಸ್ಟ್ ನಡುವೆ ಹಾಕಿ, ತಳದ ಪ್ಲಾಸ್ಟಿಕ್ ಹಾಳೆ ಕಿತ್ತಿದ್ದೀರಾ ಎಂದು ಎರಡು ಬಾರಿ ನೋಡಿ.

ನಾಲ್ಕು ರ‍್ಯಾಮ್ ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಹಾಕಿ. ಮೊದಲ ಸಲ ಆನ್ ಮಾಡಿದಾಗ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಒಂದು ನಿಮಿಷ, ಎರಡು, ಐದು. ಗಾಬರಿಯಾಗಿ ಸ್ವಿಚ್ ಆರಿಸಬೇಡಿ. ಬೋರ್ಡ್ ಹೊಸ ಡಿಡಿಆರ್5 ರ‍್ಯಾಮ್‌ಗೆ ಹೊಂದಿಕೊಳ್ಳುತ್ತಿರುತ್ತದೆ; ನಡುವೆ ಆರಿಸಿದರೆ ಮತ್ತೆ ಮೊದಲಿನಿಂದ ಶುರು. ಹದಿನೈದು ನಿಮಿಷವಾದರೂ ಏನೂ ಬಾರದಿದ್ದರೆ ರ‍್ಯಾಮ್ ಕಳಚಿ, ಒಂದೇ ಸ್ಟಿಕ್ ಹಾಕಿ ನೋಡಿ.

ಬಳಿಕ ಕ್ಯಾಬಿನೆಟ್. ಬೋರ್ಡಿನ ತೂತುಗಳಿಗೆ ಸರಿಯಾಗಿ, ಬೋರ್ಡನ್ನು ತಗಡಿನಿಂದ ಎತ್ತಿ ಹಿಡಿಯುವ ಹಿತ್ತಾಳೆಯ ಸ್ಟ್ಯಾಂಡ್‌ಆಫ್ ಇರಬೇಕು. ಬೇಡದ ಕಡೆ ಒಂದಿದ್ದರೆ ಬೋರ್ಡ್ ಶಾರ್ಟ್ ಆಗುತ್ತದೆ. ಕಾರ್ಡ್ ಹಾಕಿದ ಮೇಲೆ ಮಾನಿಟರ್ ಕೇಬಲನ್ನು ಕಾರ್ಡಿಗೇ ವರ್ಗಾಯಿಸಿ, ಇಲ್ಲದಿದ್ದರೆ ಅಷ್ಟು ಹಣ ಕೊಟ್ಟು ತಂದ ಕಾರ್ಡ್ ಸುಮ್ಮನೆ ಕೂತಿರುತ್ತದೆ. ಬಯಾಸ್‌ನಲ್ಲಿ ಎಕ್ಸ್‌ಪೊ ಆನ್ ಮಾಡಿ. ಮಾಡದಿದ್ದರೆ 6000ದ ರ‍್ಯಾಮ್ 4800ರ ವೇಗದಲ್ಲೇ ಉಳಿಯಬಹುದು.

ಮನೆಯ ಕರೆಂಟ್

ಕರೆಂಟ್ ಹೋದಾಗ ಫೈಲ್ ಉಳಿಸಿ ಆಫ್ ಮಾಡುವಷ್ಟು ಸಮಯಕ್ಕೆ 1 ಕೆವಿಎ ಯುಪಿಎಸ್ ಬೇಕು. 600 ವಿಎಯದ್ದು ಕೊಡುವುದು ಸುಮಾರು 360 ವ್ಯಾಟ್, ಮಾನಿಟರ್ ಸೇರಿದರೆ ಅಂಚಿಗೆ ಬರುತ್ತದೆ. ಮನೆಯ ಇನ್ವರ್ಟರ್ ಮೇಲೇ ಓಡಿಸುವವರು ಅದನ್ನು ಯುಪಿಎಸ್ ಮೋಡ್‌ಗೆ ಹಾಕಿ, ಇಲ್ಲವಾದರೆ ಬದಲಾಗುವ ಕ್ಷಣದಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಏಪ್ರಿಲ್–ಮೇ ಗುಡುಗು ಮಳೆಯಲ್ಲಿ ಪ್ಲಗ್ ಜೊತೆ ಇಂಟರ್ನೆಟ್ ಕೇಬಲನ್ನೂ ಕಿತ್ತಿಡಿ.

ಕ್ಯಾಬಿನೆಟ್‌ನ ಲೋಹ ಮುಟ್ಟಿದಾಗ ಬೆರಳು ಜುಮ್ಮೆಂದರೆ ಎಸ್‌ಎಂಪಿಎಸ್ ಕೆಟ್ಟಿದೆ ಎಂದು ಅಂಗಡಿಗೆ ಓಡುವ ಮೊದಲು ಗೋಡೆಯ ಸಾಕೆಟ್ ನೋಡಿ. ಹಳೆಯ ಬಾಡಿಗೆ ಮನೆಗಳಲ್ಲಿ ಮೂರನೇ ತೂತು ಇರುತ್ತದೆ, ಅದರ ಹಿಂದೆ ತಂತಿ ಇರುವುದಿಲ್ಲ. ಎಸ್‌ಎಂಪಿಎಸ್‌ನ ಫಿಲ್ಟರ್‌ನಿಂದ ಸೋರುವ ಅಲ್ಪ ಕರೆಂಟ್ ನೆಲಕ್ಕೆ ಹೋಗಲು ದಾರಿಯಿಲ್ಲದೆ ಕ್ಯಾಬಿನೆಟ್ ಮೇಲೆ ನಿಂತಿರುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಆ ಪಾಯಿಂಟಿಗೆ ಅರ್ಥಿಂಗ್ ಎಳೆಸುವವರೆಗೆ ಕಂಪ್ಯೂಟರನ್ನು ಅಲ್ಲಿ ಹಾಕಬೇಡಿ.